ನಮ್ಮ ವಾಲಿಸ್ ಮೇಷ್ಟ್ರು

ನಮ್ಮ ಗಣಿತದ ಮೇಷ್ಟ್ರು ತೀರಿಕೊಂಡ ಸುದ್ದಿ ಈ ಮಳೆಗಾಲದಲ್ಲಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂತು. ಯಾರೂ ಅವರ ಹೆಸರು ಬರೆಯಲಿಲ್ಲ. "ವಾಲಿಸ್ ಮೇಷ್ಟ್ರು ಹೋದ್ರು" ಅಂತ ಒಬ್ಬ ಹಾಕಿದ, ಅಷ್ಟೇ. ದುಬೈನಲ್ಲಿ ಇರುವವರಿಗೂ ಊರಲ್ಲೇ ಅಂಗಡಿ ನೋಡಿಕೊಂಡಿರುವವರಿಗೂ ಅಷ್ಟು ಸಾಕಾಯಿತು. ಶಾಲೆಯ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂದಾಗ ನನಗೆ ಬೇರೆ ವಿಷಯ ಹೊಳೆಯಲೇ ಇಲ್ಲ.

ಜಾನ್ ವಾಲಿಸ್ ಇಂಗ್ಲೆಂಡಿನ ಗಣಿತಜ್ಞ. ಹುಟ್ಟಿದ್ದು 1616ರಲ್ಲಿ, ಕೆಂಟ್ ಪ್ರಾಂತ್ಯದ ಆಶ್‌ಫರ್ಡ್ ಎಂಬ ಊರಲ್ಲಿ. ನಮ್ಮ ಪಠ್ಯಪುಸ್ತಕದಲ್ಲಿ ಎಲ್ಲೂ ಆತನ ಹೆಸರಿರಲಿಲ್ಲ. ಆದರೂ ನಮ್ಮ ಬ್ಯಾಚಿನ ಯಾರನ್ನಾದರೂ ನಿದ್ದೆಯಿಂದ ಎಬ್ಬಿಸಿ ಕೇಳಿ, ಆತನ ಕಥೆ ಹೇಳುತ್ತಾರೆ. ಒಂಬತ್ತನೇ ಕ್ಲಾಸಿನಲ್ಲಿ ಶನಿವಾರದ ಕೊನೇ ಪಿರಿಯಡ್ ಗಣಿತದ್ದಿತ್ತು. ಮೇಷ್ಟ್ರು ಆವತ್ತು ಪುಸ್ತಕ ಮುಚ್ಚಿಡುತ್ತಿದ್ದರು. ಮೇಜಿನ ಅಂಚಿಗೆ ಒರಗಿ ನಿಂತು, "ಎಲ್ಲಿಗೆ ನಿಲ್ಲಿಸಿದ್ವಿ?" ಅಂತ ಕೇಳುತ್ತಿದ್ದರು. ನಾವು ಒಟ್ಟಿಗೆ ಕೂಗುತ್ತಿದ್ದೆವು: "ಆಕ್ಸ್‌ಫರ್ಡ್ ಸರ್!"

ಮೊದಲ ಶನಿವಾರ ಅವರು ಹೇಳಿದ್ದು ವಾಲಿಸ್‌ನ ಶಾಲೆಯ ಕಥೆ. ಅಪ್ಪ ಪಾದ್ರಿ. ಮಗನಿಗೆ ಇನ್ನೂ ಆರು ತುಂಬುವ ಹೊತ್ತಿಗೇ ಅಪ್ಪ ಹೋಗಿಬಿಟ್ಟ. ಮುಂದೆ ಆಶ್‌ಫರ್ಡ್‌ಗೆ ಪ್ಲೇಗ್ ಬಂತು. ಹುಡುಗನನ್ನು ಬೇರೆ ಊರಿನ ಶಾಲೆಗೆ ಕಳಿಸಿದರು. ಲ್ಯಾಟಿನ್ ಕಲಿತ, ಗ್ರೀಕ್ ಕಲಿತ, ಹೀಬ್ರೂ ಕಲಿತ. ಗಣಿತ ಮಾತ್ರ ಕಲಿಯಲಿಲ್ಲ, ಯಾಕೆಂದರೆ ಯಾರೂ ಕಲಿಸುತ್ತಿರಲಿಲ್ಲ. ಲೆಕ್ಕ ಅನ್ನೋದು ವ್ಯಾಪಾರಿಗಳಿಗೆ, ಹಡಗಿನವರಿಗೆ, ಬಡಗಿಗಳಿಗೆ, ಭೂಮಿ ಅಳೆಯುವವರಿಗೆ ಬೇಕಾದ ಕಸುಬು, ವಿದ್ಯೆ ಅಲ್ಲ ಅಂತ ಆಗಿನ ಇಂಗ್ಲೆಂಡಿನ ದೊಡ್ಡವರ ಲೆಕ್ಕಾಚಾರ. 1631ರ ಕ್ರಿಸ್‌ಮಸ್ ರಜೆಗೆ ಮನೆಗೆ ಬಂದಾಗ ತಮ್ಮ ಕೂತು ಏನೋ ಕೂಡಿ ಕಳೆಯುತ್ತಿದ್ದ. ವ್ಯಾಪಾರಕ್ಕೆ ಹೋಗಬೇಕಾದ ಹುಡುಗ, ಅದಕ್ಕೇ ಅಂಕಗಣಿತ ಕಲಿಯುತ್ತಿದ್ದ. ಅಣ್ಣ ಪಕ್ಕದಲ್ಲಿ ಕೂತ. ಎರಡು ವಾರದೊಳಗೆ ತಮ್ಮನಿಗೆ ಗೊತ್ತಿದ್ದದ್ದನ್ನೆಲ್ಲ ಕಲಿತುಬಿಟ್ಟ. ಆಗ ವಾಲಿಸ್‌ಗೆ 15 ವರ್ಷ.

ಇಷ್ಟು ಹೇಳಿ ಮೇಷ್ಟ್ರು ಹಿಂದಿನ ಬೆಂಚಿನ ಕಡೆ ನೋಡಿದರು. ಅಲ್ಲಿ ಮೂರು ಸಲ ಫೇಲಾಗಿ, ಗಣಿತ ನನ್ನ ಹಣೇಲಿ ಬರೆದಿಲ್ಲ ಅಂತ ನಂಬಿಕೊಂಡಿದ್ದ ಗೆಳೆಯನೊಬ್ಬ ಇದ್ದ. "ನಿನಗೆಷ್ಟೋ ವಯಸ್ಸು?" ಅಂದರು. "ಹದಿನಾರು ಸರ್." "ಒಂದು ವರ್ಷ ಲೇಟು, ಅಷ್ಟೇ. ಬಾ, ನೀನೇ ಬರಿ" ಅಂತ ಚಾಕ್‌ಪೀಸ್ ಅವನ ಕೈಗೆ ಕೊಟ್ಟರು. ಅವರು ಯಾರಿಗಾದರೂ ಕೊಡುತ್ತಿದ್ದ ದೊಡ್ಡ ಮರ್ಯಾದೆ ಅದೇ. ಆ ಗೆಳೆಯ ಈಗ ಸಹಕಾರಿ ಬ್ಯಾಂಕಿನಲ್ಲಿ ಲೆಕ್ಕ ನೋಡುತ್ತಾನೆ.

ಹುಡುಗರಿಗೆ ಜಾಸ್ತಿ ಇಷ್ಟವಾದದ್ದು ಗುಪ್ತಲಿಪಿಯ ಕಥೆ. 1642ರಲ್ಲಿ ಇಂಗ್ಲೆಂಡಿನಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತ್ತು. ಚಿಚೆಸ್ಟರ್ ಪಟ್ಟಣ ಪಾರ್ಲಿಮೆಂಟಿನ ಕೈಗೆ ಸಿಕ್ಕ ಮೇಲೆ ಗುಪ್ತಲಿಪಿಯಲ್ಲಿ ಬರೆದ ಒಂದು ಕಾಗದ ಸಿಕ್ಕಿತು. ರಾತ್ರಿ ಊಟದ ಹೊತ್ತಲ್ಲಿ ಯಾರೋ ಅದನ್ನು ವಾಲಿಸ್‌ಗೆ ತೋರಿಸಿದರು. ಆಗ ಆತ ಕೇಂಬ್ರಿಜ್‌ನಲ್ಲಿ ಓದಿ ಮುಗಿಸಿದ್ದ ಯುವ ಪಾದ್ರಿ. ಊಟ ಮುಗಿಸಿ ಎದ್ದು ಒಂದೆರಡು ಗಂಟೆಯಲ್ಲಿ ಓದಿ ಹೇಳಿಬಿಟ್ಟ. ಅಲ್ಲಿಂದ ಆತನ ಅದೃಷ್ಟ ತಿರುಗಿತು. 1649ರಲ್ಲಿ ಆಕ್ಸ್‌ಫರ್ಡ್‌ನ ರೇಖಾಗಣಿತದ ಪ್ರೊಫೆಸರನನ್ನು ರಾಜನ ಕಡೆಯವನು ಅಂತ ಪಾರ್ಲಿಮೆಂಟಿನವರು ತೆಗೆದುಹಾಕಿ, ಆ ಸ್ಯಾವಿಲಿಯನ್ ಪೀಠವನ್ನು ವಾಲಿಸ್‌ಗೆ ಕೊಟ್ಟರು. ವಾಲಿಸ್ ಅದೇ ಪಾರ್ಲಿಮೆಂಟಿನವರು ರಾಜನ ತಲೆ ತೆಗೆಯಬಾರದು ಅಂತ ಸಹಿ ಹಾಕಿದವನು ಕೂಡ. ಅದಕ್ಕೇ 1660ರಲ್ಲಿ ರಾಜನ ಮಗ ಗದ್ದುಗೆಗೆ ಬಂದಾಗಲೂ ಆತನ ಕೆಲಸ ಉಳಿಯಿತು.

ಈ ಕಥೆ ಕೇಳಿದ ಮರುದಿನವೇ ನಾವೂ ಒಂದು ಗುಪ್ತಲಿಪಿ ಮಾಡಿದೆವು. ಅದರ ಯೋಚನೆ ನನ್ನದೇ. ಕವರ್ಗದ ಅಕ್ಷರಕ್ಕೆ ಚವರ್ಗದ್ದು, ಚವರ್ಗಕ್ಕೆ ಟವರ್ಗದ್ದು, ಹೀಗೆ ಒಂದೊಂದು ಸಾಲು ಕೆಳಗಿನದ್ದು ಬರೆಯೋದು. ಪವರ್ಗ ಬಂದರೆ ಮತ್ತೆ ಕವರ್ಗಕ್ಕೆ ಹೋಗೋದು. ಯರಲವ ಹಾಗೇ ಇರಲಿ. ಚೀಟಿಗಳು ಬೆಂಚಿನಿಂದ ಬೆಂಚಿಗೆ ಹಾರತೊಡಗಿದವು. ಒಂದು ದಿನ "ಙಭ್ಯಾಹ್ಮ ಙಾವಿಮ ಪೋಕು" ಅಂತ ಬರೆದ ಚೀಟಿ ಮೇಷ್ಟ್ರ ಕಾಲ ಬಳಿ ಬಿತ್ತು. ಅವರು ಎತ್ತಿಕೊಂಡರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡರು. ನಮಗೆಲ್ಲ ಉಸಿರು ನಿಂತ ಹಾಗಾಯಿತು. ಅವರು ಏನೂ ಹೇಳದೆ ಬೋರ್ಡಿನ ಮೇಲೆ ಬರೆದರು: "ಮಾಮೂ ಗರ್ಪೀಮಿ."

ಅರ್ಥ ಬಿಡಿಸಿಕೊಂಡವರು ಮೊದಲು ನಕ್ಕರು, ಆಮೇಲೆ ಇಡೀ ಕ್ಲಾಸು ನಕ್ಕಿತು. ನಾವು ಬರೆದದ್ದು "ಮಧ್ಯಾಹ್ನ ಮಾವಿನ ತೋಪು." ಅವರು ಬರೆದದ್ದು "ನಾನೂ ಬರ್ತೀನಿ." ಹೇಗೆ ಗೊತ್ತಾಯಿತು ಸರ್ ಅಂತ ಕೇಳಿದ್ದಕ್ಕೆ, "ಕನ್ನಡದಲ್ಲಿ ಙ ಅಂತ ಯಾವಾಗಲಾದರೂ ಬರೆದಿದ್ದೀರೇನ್ರೋ? ಮೂರು ಪದದ ಚೀಟೀಲಿ ಎರಡು ಸಲ ಬಂದಿದೆ. ಅಲ್ಲಿಂದ ಹಿಡ್ಕೊಂಡೆ. ಎಲ್ಲಿ ವಿಚಿತ್ರ ಇದೆಯೋ ಅಲ್ಲೇ ಬೀಗದ ಕೈ ಇರತ್ತೆ" ಅಂದರು. ಬೈಯಲಿಲ್ಲ, ಹೊಡೆಯಲಿಲ್ಲ. ಮ ಬಂದ ಕಡೆ ಏನು ಮಾಡಬೇಕಿತ್ತು ಅಂತ ಪಿರಿಯಡ್ ಮುಗಿಯುವವರೆಗೂ ನಮ್ಮ ಜೊತೆ ಚರ್ಚೆ ಮಾಡಿದರು. ಆವತ್ತು ಮಧ್ಯಾಹ್ನ ಯಾರೂ ತೋಪಿಗೆ ಹೋಗಲಿಲ್ಲ.

ಗಣಿತವನ್ನೂ ಹೀಗೇ ಕಲಿಸಿದರು. 1656ರಲ್ಲಿ ವಾಲಿಸ್ 'ಅರಿತ್ಮೆಟಿಕಾ ಇನ್ಫಿನಿಟೋರಮ್' ಎಂಬ ಪುಸ್ತಕ ತಂದ. ಅದರಲ್ಲಿ ಪೈ ಬೆಲೆಗೆ ಮುಗಿಯದ ಒಂದು ಗುಣಾಕಾರ ಇದೆ. ಮೇಷ್ಟ್ರು ಅದನ್ನು ಬೋರ್ಡಿನ ಉದ್ದಕ್ಕೂ ಬರೆದರು: 2/1 × 2/3 × 4/3 × 4/5 × 6/5 × 6/7, ಹೀಗೇ ಮುಂದೆ. ಒಂದೊಂದು ಬೆಂಚಿಗೆ ಒಂದೊಂದು ಹೆಜ್ಜೆ ಹಂಚಿದರು. ಮೊದಲ ಬೆಂಚು 2 ಅಂದಿತು. ಎರಡನೆಯದು 1.33. ಆಮೇಲೆ 1.78, 1.42, 1.71, 1.46. "ಸರ್, ಒಂದು ಸಲ ಮೇಲೆ, ಒಂದು ಸಲ ಕೆಳಗೆ. ನಡುವೆ ಏನೋ ಇದೆ" ಅಂತ ಮೊದಲು ಹೇಳಿದವನು ನಾನು. ಚಾಕ್‌ಪೀಸ್ ನನಗೆ ಸಿಕ್ಕಿತು. ನಡುವೆ ಇದ್ದದ್ದು 1.5708, ಅಂದರೆ ಪೈನ ಅರ್ಧ. ಬರೀ ಸಮ ಸಂಖ್ಯೆ, ಬೆಸ ಸಂಖ್ಯೆಗಳ ಒಳಗೆ ವೃತ್ತ ಅಡಗಿ ಕೂತಿದೆ ಅಂತ ಗೊತ್ತಾದ ಆ ಗಳಿಗೆಯಲ್ಲಿ ಮೈ ಜುಮ್ ಅಂದದ್ದು ಇಂದಿಗೂ ಮರೆತಿಲ್ಲ. ಯುವಕ ನ್ಯೂಟನ್ ಇದೇ ಪುಸ್ತಕ ಓದುತ್ತಾ ತನ್ನ ದ್ವಿಪದ ಪ್ರಮೇಯದ ದಾರಿ ಹಿಡಿದ.

ಅನಂತಕ್ಕೆ ನಾವು ಬರೆಯುವ ಗುರುತು, ಎಂಟನ್ನು ಅಡ್ಡ ಮಲಗಿಸಿದ ಆ ಗುರುತು ಕೂಡ ವಾಲಿಸ್ ಕೊಟ್ಟದ್ದೇ. ಅದು 1655ರ ಶಂಕುಛೇದಗಳ ಪುಸ್ತಕದಲ್ಲಿ ಬಂತು. ಆ ಪುಸ್ತಕಕ್ಕೆ ಗುರುತುಗಳ ಹುರುಕು ಹತ್ತಿದೆ, ಓದುವ ತಾಳ್ಮೆ ನನಗಿಲ್ಲ ಅಂತ ಬೈದವನು ತತ್ವಜ್ಞಾನಿ ಥಾಮಸ್ ಹಾಬ್ಸ್. ವೃತ್ತದಷ್ಟೇ ವಿಸ್ತೀರ್ಣದ ಚೌಕ ಬರೆದು ತೋರಿಸಿದ್ದೇನೆ ಅಂತ ಹಾಬ್ಸ್ ಹೇಳಿಕೊಂಡಿದ್ದ. ವಾಲಿಸ್ ಅದನ್ನು ಒಂದೊಂದು ಸಾಲಾಗಿ ಹಿಡಿದು ತಪ್ಪು ಅಂತ ತೋರಿಸಿದ. ಜಗಳ 1679ರಲ್ಲಿ ಹಾಬ್ಸ್ ಸಾಯುವವರೆಗೂ ನಡೆಯಿತು. ಮೇಷ್ಟ್ರು ಇಬ್ಬರ ಪಾತ್ರವನ್ನೂ ತಾವೇ ಮಾಡುತ್ತಿದ್ದರು, ಬೋರ್ಡಿನ ಆ ಕಡೆ ಹೋಗಿ ಹಾಬ್ಸ್, ಈ ಕಡೆ ಬಂದು ವಾಲಿಸ್. ವಾಲಿಸ್‌ನನ್ನು ಅವರು ದೇವರು ಮಾಡಲಿಲ್ಲ. ಕಿವುಡರಿಗೆ ಮಾತು ಕಲಿಸಿದ ಕೀರ್ತಿಗಾಗಿ ವಿಲಿಯಂ ಹೋಲ್ಡರ್ ಜೊತೆ ಆತ ಕಿತ್ತಾಡಿದ್ದನ್ನೂ ಹೇಳಿದರು. ಡೇನಿಯಲ್ ವೇಲಿ ಎಂಬ ಕಿವುಡ ಯುವಕನಿಗೆ ಮಾತಾಡಲು ಕಲಿಸಿ 1662ರಲ್ಲಿ ಲಂಡನ್ನಿನ ವಿಜ್ಞಾನಿಗಳ ಸಂಘ ರಾಯಲ್ ಸೊಸೈಟಿಯ ಮುಂದೆ ನಿಲ್ಲಿಸಿದ್ದನ್ನೂ ಹೇಳಿದರು.

ನಿದ್ದೆ ಬಾರದ ರಾತ್ರಿಗಳಲ್ಲಿ ವಾಲಿಸ್ ಕತ್ತಲಲ್ಲಿ ಮಲಗಿಕೊಂಡೇ ಲೆಕ್ಕ ಮಾಡುತ್ತಿದ್ದ. 1669ರ ಡಿಸೆಂಬರ್ 22ರ ರಾತ್ರಿ 3ರ ಮುಂದೆ 40 ಸೊನ್ನೆ ಇಟ್ಟು, ಅದರ ವರ್ಗಮೂಲವನ್ನು ಬರೀ ಮನಸ್ಸಿನಲ್ಲೇ ತೆಗೆದ. ಮೇಷ್ಟ್ರು ನಮಗೆ ಕಣ್ಣು ಮುಚ್ಚಿಸಿ, 3ರ ವರ್ಗಮೂಲ ಎರಡು ದಶಾಂಶದವರೆಗಾದರೂ ತೆಗೀರಿ ಅನ್ನುತ್ತಿದ್ದರು. ಐವತ್ತು ಮಕ್ಕಳು ಕಣ್ಣು ಮುಚ್ಚಿಕೊಂಡು 17ನ್ನು 17ರಿಂದ ಗುಣಿಸುತ್ತಿದ್ದೆವು.

ಭಾಸ್ಕರಾಚಾರ್ಯರನ್ನು ಅವರು ಬಿಟ್ಟವರಲ್ಲ. 1657ರಲ್ಲಿ ಫ್ರಾನ್ಸಿನ ಫರ್ಮಾ ಇಂಗ್ಲೆಂಡಿನ ಗಣಿತಜ್ಞರಿಗೆ ಒಂದು ಸವಾಲು ಹಾಕಿದ. ಒಂದು ವರ್ಗಸಂಖ್ಯೆಯನ್ನು ಕೊಟ್ಟ ಸಂಖ್ಯೆಯಿಂದ ಗುಣಿಸಿ ಒಂದು ಕೂಡಿದರೆ ಮತ್ತೆ ವರ್ಗವೇ ಬರಬೇಕು. ಗಣಿತಜ್ಞ ಬ್ರೌಂಕರ್ ಮತ್ತು ವಾಲಿಸ್ ಸೇರಿ ಅದಕ್ಕೆ ದಾರಿ ಕಂಡುಹಿಡಿದರು. ಭಾಸ್ಕರಾಚಾರ್ಯರು ಸುಮಾರು ಐನೂರು ವರ್ಷ ಮೊದಲೇ ಚಕ್ರವಾಲ ವಿಧಾನದಿಂದ 61ಕ್ಕೆ ಉತ್ತರ ತೆಗೆದಿದ್ದರು. 226153980ರ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿದರೆ 1766319049ರ ವರ್ಗ ಬರುತ್ತದೆ. ಮೇಷ್ಟ್ರು ಈ ಎರಡು ಸಂಖ್ಯೆಗಳನ್ನು ಬೋರ್ಡಿನ ಮೂಲೆಯಲ್ಲಿ ಬರೆದು ಚೌಕಟ್ಟು ಹಾಕಿಟ್ಟಿದ್ದರು. ವಾರಗಟ್ಟಲೆ ಯಾರೂ ಅಳಿಸಲಿಲ್ಲ.

ನಾನು ಮುಂದೆ ಸ್ಟ್ರಕ್ಚರಲ್ ಇಂಜಿನಿಯರ್ ಆದೆ. ನನ್ನ ಸಹಿ ಇರುವ ಸೇತುವೆಗಳ ಮೇಲೆ ಇವತ್ತು ಲಾರಿಗಳು ಓಡಾಡುತ್ತಿವೆ, ಅದು ನನಗೆ ಹೆಮ್ಮೆ. ಕೆಲಸಕ್ಕೆ ಸೇರಿದ ಮೇಲೆ ವಾಲಿಸ್ ನನ್ನ ವೃತ್ತಿಯವನೂ ಹೌದು ಅಂತ ತಿಳಿಯಿತು. ಉದ್ದ ತೊಲೆ ಸಿಗದ ಕಡೆ ತುಂಡು ತೊಲೆಗಳನ್ನೇ ಒಂದಕ್ಕೊಂದು ಆಸರೆ ಕೊಟ್ಟು ಕಂಬವಿಲ್ಲದೆ ಅಗಲವಾದ ಅಟ್ಟ ನಿಲ್ಲಿಸುವ ಜೋಡಣೆಯನ್ನು ಆತ ಯೋಚಿಸಿದ್ದ. ಯಾವ ತೊಲೆಯ ಮೇಲೆ ಎಷ್ಟು ಭಾರ ಅಂತ ತನ್ನ 'ಮೆಕಾನಿಕಾ' ಪುಸ್ತಕದಲ್ಲಿ 25 ಸಮೀಕರಣ ಬಿಡಿಸಿ ಲೆಕ್ಕ ಹಾಕಿದ್ದಾನೆ, ಬರೀ ಕೈಯಲ್ಲಿ. ನಾವು ಸಾಫ್ಟ್‌ವೇರ್‌ಗೆ ಕೊಟ್ಟು ಕಾಫಿ ಕುಡಿಯಲು ಹೋಗುವಂಥ ಕೆಲಸ ಅದು. ಫೋನಿನಲ್ಲಿ ಹೇಳಿದಾಗ ಮೇಷ್ಟ್ರು, "ನೋಡು, ಇದು ನನಗೇ ಗೊತ್ತಿರಲಿಲ್ಲ. ಬರೆದು ಕಳಿಸು" ಅಂದರು. ಎಂಟು ಹಾಳೆ ಬರೆದು ಚಿತ್ರ ಹಾಕಿ ಕಳಿಸಿದೆ. ಮೇಷ್ಟ್ರಿಗೆ ನಾನು ಪಾಠ ಹೇಳಿದ್ದು ಅದೊಂದೇ ಸಲ.

ಈಗಿನ ಮಕ್ಕಳು ನಮಗಿಂತ ಬುದ್ಧಿವಂತರು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರಿಗೆ ಶನಿವಾರದ ಕೊನೇ ಪಿರಿಯಡ್ ಇಲ್ಲ. ಅಲ್ಲಿ ಟೆಸ್ಟ್ ಕೂತಿದೆ, ಟೆಸ್ಟ್ ಆದಮೇಲೆ ಕೋಚಿಂಗ್. ನನ್ನ ಅಣ್ಣನ ಮಗಳಿಗೆ ವಾಲಿಸ್ ಸೂತ್ರ ಬಾಯಿಪಾಠ ಬರುತ್ತದೆ, ಇಂಟಿಗ್ರೇಷನ್ನಿನ ಶಾರ್ಟ್‌ಕಟ್ ಅಂತ ಕಲಿಸಿದ್ದಾರೆ. ಯಾರಮ್ಮ ವಾಲಿಸ್ ಅಂದರೆ, "ಫಾರ್ಮುಲಾ ಹೆಸರು ಅಂಕಲ್" ಅಂದಳು. ಹೊಟ್ಟೆ ಉರಿಯಿತು. ತಪ್ಪು ಆ ಹುಡುಗಿಯದಲ್ಲ. ಅವಳಿಗೆ ಕಥೆ ಹೇಳುವಷ್ಟು ಪುರುಸೊತ್ತನ್ನು ನಾವು ಯಾವ ಮೇಷ್ಟ್ರಿಗೂ ಬಿಟ್ಟಿಲ್ಲ.

ವಾಲಿಸ್ 1703ರಲ್ಲಿ ಸಾಯುವವರೆಗೂ ಆಕ್ಸ್‌ಫರ್ಡ್‌ನ ಆ ಪೀಠದಲ್ಲೇ ಇದ್ದ, 54 ವರ್ಷ. ನಮ್ಮ ಮೇಷ್ಟ್ರಿಗೆ 58ಕ್ಕೇ ನಿವೃತ್ತಿ ಕೊಟ್ಟು ಹಾರ ಹಾಕಿ ಕಳಿಸಿದರು. ಆಮೇಲೂ ಅವರ ಮನೆ ಜಗುಲಿಯ ಮೇಲೆ ಮಕ್ಕಳು ಇದ್ದೇ ಇರುತ್ತಿದ್ದರು.

ಮುಖ್ಯೋಪಾಧ್ಯಾಯರಿಗೆ ನನ್ನದೊಂದು ಕೋರಿಕೆ. ಶನಿವಾರದ ಆ ಕೊನೇ ಪಿರಿಯಡನ್ನು ಮಕ್ಕಳಿಗೆ ವಾಪಸ್ ಕೊಡಿ. ಪರೀಕ್ಷೆಗೆ ಬಾರದ ಯಾವ ಕಥೆಯಾದರೂ ಸರಿ. ಹೇಳುವವರು ಸಿಗದಿದ್ದರೆ ತಿಂಗಳಿಗೊಂದು ಸಲ ನಾನೇ ಬರುತ್ತೇನೆ, ನಮ್ಮ ಬ್ಯಾಚಿನ ಇನ್ನೂ ನಾಲ್ಕು ಜನ ಒಪ್ಪಿದ್ದಾರೆ. ಮೊದಲ ವಾರ ಹಾಬ್ಸ್ ಜಗಳ ಇಟ್ಟುಕೊಳ್ಳೋಣ, ಬೋರ್ಡ್ ಮಾತ್ರ ಅಗಲವಾಗಿರಲಿ.