ಪುಣೆ ಬಳಿಯ ತಳೇಗಾಂವ್‌ನಲ್ಲಿ ಮನೆ, ಸರ್ಕಾರದ ಸಾಲ: ಸ್ಲ್ಯಾಬ್‌ವರೆಗಿನ ಲೆಕ್ಕ

ಜೂನ್ 2022

ಅರ್ಜಿ ಕೊಟ್ಟೆ. ಬ್ಯಾಂಕಿಗಲ್ಲ, ನಮ್ಮ ಆಫೀಸಿಗೇ. ಕೇಂದ್ರ ಸರ್ಕಾರಿ ನೌಕರರಿಗೆ ಸಿಗುವ ಮನೆ ಕಟ್ಟುವ ಸಾಲ, ಹೌಸ್ ಬಿಲ್ಡಿಂಗ್ ಅಡ್ವಾನ್ಸ್, ಅಂದರೆ ಎಚ್‌ಬಿಎ. ಪುಣೆಯಲ್ಲಿ ರಕ್ಷಣಾ ಇಲಾಖೆಯ ಕಚೇರಿಗಳಲ್ಲಿ ನಮ್ಮಂಥ ಸಿವಿಲಿಯನ್ ನೌಕರರಿಗೇನೂ ಬರವಿಲ್ಲ, ವಿಜಯಪುರ-ಕಲಬುರಗಿ ಕಡೆಯವರೂ ಬೇಕಾದಷ್ಟು ಜನ. ಆದರೆ ಎಚ್‌ಬಿಎ ತಗೊಂಡವರನ್ನು ಹುಡುಕಿದರೆ ಸಿಗೋದು ನಿವೃತ್ತಿಗೆ ಹತ್ತಿರ ಇರುವ ಹಳಬರೇ. ಕಾರಣ ಇದೆ. 2017ಕ್ಕೆ ಮೊದಲು ಇದರ ಮಿತಿ ಏಳೂವರೆ ಲಕ್ಷ. ಅಷ್ಟರಲ್ಲಿ ಪುಣೆಯಲ್ಲಿ ಏನು ಕಟ್ಟೋದು? 2017ರ ನವೆಂಬರ್‌ನಲ್ಲಿ ಅದನ್ನು 25 ಲಕ್ಷಕ್ಕೆ ಏರಿಸಿದರು. ಆ ಸುದ್ದಿ ಕ್ಯಾಂಟೀನಿನ ತನಕ ಬರಲೇ ಇಲ್ಲ.

25 ಲಕ್ಷ ಅಂದಮಾತ್ರಕ್ಕೆ ಎಲ್ಲರಿಗೂ 25 ಸಿಗುವುದಿಲ್ಲ. 34 ತಿಂಗಳ ಮೂಲವೇತನ, 25 ಲಕ್ಷ, ಮನೆಯ ಖರ್ಚು, ತೀರಿಸುವ ಶಕ್ತಿ, ಈ ನಾಲ್ಕರಲ್ಲಿ ಯಾವುದು ಕಡಿಮೆಯೋ ಅದು. ನನ್ನ ಬೇಸಿಕ್ 55,200. ಮೂವತ್ನಾಲ್ಕರಿಂದ ಗುಣಿಸಿದರೆ 18,76,800. ಇದೇ ನನ್ನ ಮಿತಿ. ಮನೆ 1,150 ಚದರಡಿ, ಬರೀ ನೆಲಮಹಡಿ. ಆರ್ಕಿಟೆಕ್ಟ್ ಹೇಳಿದ ಅಂದಾಜು 27 ಲಕ್ಷ.

ಪ್ರಧಾನಮಂತ್ರಿ ಆವಾಸ್‌ನ ಬಡ್ಡಿ ಸಬ್ಸಿಡಿ ಯಾಕೆ ತಗೊಳ್ಳಲಿಲ್ಲ ಅಂತ ಈಗಾಗಲೇ ಇಬ್ಬರು ಕೇಳಿದ್ದಾರೆ. ಮಧ್ಯಮ ಆದಾಯದವರಿಗೆ ಅದು 2021ರ ಮಾರ್ಚ್‌ಗೇ ನಿಂತಿತ್ತು, ಉಳಿದವರಿಗೆ ಈ ವರ್ಷದ ಮಾರ್ಚ್‌ಗೆ.

ಎಚ್‌ಬಿಎ ಬಡ್ಡಿ ಈ ವರ್ಷ ಶೇ. 7.1. ಇದು ಸರಳ ಬಡ್ಡಿ, ಇಲ್ಲೇ ಇರೋದು ಮಜಾ. ಮೊದಲ 15 ವರ್ಷ, 180 ಕಂತು, ಬರೀ ಅಸಲು. ಆಮೇಲೆ 5 ವರ್ಷ, 60 ಕಂತು, ಬರೀ ಬಡ್ಡಿ. ನನ್ನ ಲೆಕ್ಕಕ್ಕೆ ತಿಂಗಳಿಗೆ ಮೊದಲು 10,427, ಕೊನೆಯ ಐದು ವರ್ಷ ಸುಮಾರು 16,500. ಒಟ್ಟು ಬಡ್ಡಿ ಹತ್ತು ಲಕ್ಷದ ಆಸುಪಾಸು. ಇಷ್ಟೇ ಸಾಲವನ್ನು ಬ್ಯಾಂಕಿನಲ್ಲಿ ಎಂಟೂವರೆ ದರಕ್ಕೆ 20 ವರ್ಷಕ್ಕೆ ತಗೊಂಡರೆ ಮೊದಲ ತಿಂಗಳಿಂದಲೇ ಹೆಚ್ಚುಕಡಿಮೆ 16,300 ಕಟ್ಟಬೇಕು, ಬಡ್ಡಿಯೇ 20 ಲಕ್ಷ ದಾಟುತ್ತದೆ. ಬೇಕಾದರೆ ನೀವೇ ಕ್ಯಾಲ್ಕುಲೇಟರ್ ಒತ್ತಿ ನೋಡಿ.

ಸೆಪ್ಟೆಂಬರ್ 2022

ಮಂಜೂರಾಯಿತು. ಅದಕ್ಕೂ ಮೊದಲು ಕಾಗದಗಳ ಕಥೆ ಬರೆದಿಡಬೇಕು. ತಡ ಆದದ್ದೆಲ್ಲ ಇಲ್ಲೇ.

ಪ್ಲಾಟ್ 2019ರಲ್ಲಿ ತಗೊಂಡದ್ದು, ನನ್ನ ಮತ್ತು ಹೆಂಡತಿಯ ಹೆಸರಲ್ಲಿ. ಎನ್‌ಎ (ಕೃಷಿಯೇತರ) ಆದ ಲೇಔಟ್. ಆಗ ಹತ್ತಿರದಲ್ಲೇ ಅರ್ಧ ರೇಟಿಗೆ ಒಂದೊಂದು ಗುಂಟೆ ತುಂಡು ಮಾಡಿ ಮಾರುತ್ತಿದ್ದರು. ಅಂಥದ್ದನ್ನು ತಗೊಂಡಿದ್ದರೆ ಈ ಸಾಲ ಸಿಗುತ್ತಲೇ ಇರಲಿಲ್ಲ. ಮಹಾರಾಷ್ಟ್ರದಲ್ಲಿ ಹೊಲವನ್ನು ಚೂರು ಮಾಡಿ ಮಾರುವುದನ್ನು ತಡೆಯುವ ಕಾನೂನು 1947ರಿಂದಲೇ ಇದೆ. 2021ರ ಜುಲೈನಲ್ಲಿ ನೋಂದಣಿ ಇಲಾಖೆಯೂ ಬಿಗಿ ಮಾಡಿತು.

ಆಫೀಸು ಕೇಳಿದ್ದು: ಸಾತ್‌ಬಾರಾ (ನಮ್ಮ ಕಡೆಯ ಪಹಣಿ ಇದ್ದಹಾಗೆ), ಹೆಸರು ಬದಲಾದ ದಾಖಲೆಯಾದ ಫೇರ್‌ಫಾರ್, ಎನ್‌ಎ ಆದೇಶ, ಖರೀದಿ ಪತ್ರ, ಜಾಗದ ಹಳೆಯ ದಾಖಲೆ ನೋಡಿ ವಕೀಲರು ಕೊಡುವ ಸರ್ಚ್ ರಿಪೋರ್ಟ್, ಪಿಎಂಆರ್‌ಡಿಎ (ಪುಣೆ ಮಹಾನಗರ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ) ಒಪ್ಪಿದ ನಕ್ಷೆ, ಅಂದಾಜು ಪಟ್ಟಿ. ಸಾತ್‌ಬಾರಾದಲ್ಲಿ ಭೋಗವಟಾದಾರ್ (ಹಿಡುವಳಿದಾರ) ವರ್ಗ 1 ಅಂತ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ವರ್ಗ 2 ಅಂದರೆ ಸರ್ಕಾರದ ಅನುಮತಿ ಇಲ್ಲದೆ ಮಾರಲು ಆಗದ ಜಮೀನು. ಅಡಮಾನದ ಹೊತ್ತಿಗೆ ಅದು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪ್ಲಾಟ್ ಕೊಂಡಾಗ ಇಲಾಖೆಗೆ ತಿಳಿಸಿದ ಪತ್ರದ ನಕಲನ್ನೂ ಕೇಳಿದರು. ಪುಣ್ಯಕ್ಕೆ ಫೈಲಿನಲ್ಲಿತ್ತು.

ನಡುವೆ ಒಂದು ಪ್ರಶ್ನೆ ಎದ್ದಿತು. ಜಾಗ ಗ್ರಾಮಪಂಚಾಯಿತಿ ವ್ಯಾಪ್ತಿಯದು. ಹಳ್ಳಿಯಲ್ಲಿ ಕಟ್ಟುವವರಿಗೆ ಖರ್ಚಿನ ಶೇ. 80ರಷ್ಟೇ ಸಾಲ ಅಂತ ನಿಯಮ. ಪಟ್ಟಣದ ಅಂಚಿನ ಹಳ್ಳಿ ಅಂತ ಇಲಾಖಾ ಮುಖ್ಯಸ್ಥರು ಬರೆದುಕೊಟ್ಟರೆ ಪೂರ್ತಿ. ಅದಕ್ಕಾಗಿ ಫೈಲು ಒಂದು ಟೇಬಲ್‌ನಿಂದ ಇನ್ನೊಂದಕ್ಕೆ ಹೋಗಿ ಕೂತಿತು. 27 ಲಕ್ಷದ ಶೇ. 80 ಅಂದರೆ 21.6 ಲಕ್ಷ. ನನಗೆ ಸಿಗೋದೇ 18.76. ನಿಯಮ ನನಗೆ ತಾಗುವುದೇ ಇಲ್ಲವಲ್ಲ! ಇದನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟ ಮೇಲೆ ಫೈಲು ಮುಂದೆ ಸರಿಯಿತು.

ನವೆಂಬರ್ 2022

ಅಡಮಾನ ಪತ್ರ ನೋಂದಣಿ ಆಯಿತು. ಒಂದು ಕಡೆ ನಾವು ಗಂಡಹೆಂಡತಿ, ಇನ್ನೊಂದು ಕಡೆ ಭಾರತದ ರಾಷ್ಟ್ರಪತಿ. ನಿಜವಾಗಿಯೂ ಹಾಗೇ ಬರೆದಿರುತ್ತದೆ. "ರೀ, ಕಂತು ತಪ್ಪಿದ್ರ ರಾಷ್ಟ್ರಪತಿ ಭವನದಿಂದ ಫೋನ್ ಬರ್ತದೇನ್ರಿ?" ಅಂತ ಇವಳು ಅಲ್ಲೇ ಕೇಳಿದಳು. ಮರಾಠಿ ಗುಮಾಸ್ತರಿಗೆ ಅರ್ಥ ಆಗದೆ ನನ್ನ ಮುಖ ನೋಡಿದರು.

ಅಡಮಾನ ಆದ ಕೂಡಲೇ ಅರ್ಧ ದುಡ್ಡು, 9,38,400. ಉಳಿದ ಅರ್ಧ ಪಾಯ ಎದ್ದು ಪ್ಲಿಂತ್ (ಮನೆಯ ನೆಲದ) ಮಟ್ಟಕ್ಕೆ ಬಂದಾಗ. ಅಷ್ಟೇ, ಎರಡೇ ಕಂತು.

ಇದನ್ನು ಕೇಳಿ ನಮ್ಮ ಗುತ್ತಿಗೆದಾರರು ಹುಬ್ಬೇರಿಸಿದರು. ಅವರು ಇಂಡಿ ಕಡೆಯವರು, ಗೌಂಡಿಗಳೂ ಅದೇ ಊರ ಸುತ್ತಿನವರು. "ಸಾಹೇಬ್ರ, ಬ್ಯಾಂಕಿನವ್ರು ಪಾಯಕ್ಕಷ್ಟು, ಸ್ಲ್ಯಾಬಿಗಷ್ಟು, ಪ್ಲಾಸ್ಟರಿಗಷ್ಟು ಅಂತ ಕೊಡ್ತಾರ. ನಿಮ್ಮ ಸರಕಾರ ಪಾಯಕ್ಕ ಎಲ್ಲಾ ರೊಕ್ಕ ಕೊಟ್ಟು ಕೈ ತೊಳ್ಕೋತದಲ್ರಿ!" ಅವರ ಮಾತಲ್ಲಿ ತೂಕ ಇದೆ. ಬ್ಯಾಂಕಿನ ಎಂಜಿನಿಯರ್ ಬಂದು ನೋಡಿ ದುಡ್ಡು ಬಿಡೋದು ಕಿರಿಕಿರಿ, ಆದರೆ ಅದೊಂದು ಕಡಿವಾಣ. ಇಲ್ಲಿ ಪ್ಲಿಂತ್ ಆದಮೇಲೆ ಆ ಕಡಿವಾಣ ನಾವೇ ಹಿಡಿಯಬೇಕು. ಅದಕ್ಕೆ ಬೇರೆ ಖಾತೆ ತೆಗೆದೆ. ಎಚ್‌ಬಿಎ ದುಡ್ಡು ಅದರಲ್ಲೇ, ಗುತ್ತಿಗೆದಾರರಿಗೆ ಚೆಕ್ ಅದರಿಂದಲೇ. ಒಪ್ಪಂದದಲ್ಲೂ ಬ್ಯಾಂಕಿನ ಹಾಗೇ ಹಂತ ಹಾಕಿಕೊಂಡೆವು: ಪ್ಲಿಂತ್, ಸ್ಲ್ಯಾಬ್, ಇಟ್ಟಿಗೆ, ಪ್ಲಾಸ್ಟರ್, ಫಿನಿಶಿಂಗ್.

ಇನ್ನೊಂದು ಒಳ್ಳೆಯದು. ಮನೆ ಏಳುತ್ತಿರುವಾಗಲೇ ಬಡ್ಡಿ ತುಂಬುವ ಪ್ರೀ-ಇಎಂಐ ಅಂತ ಏನೂ ಇಲ್ಲ. ಮನೆ ಮುಗಿದ ಮರುತಿಂಗಳಿಂದ, ಇಲ್ಲವೇ ಸಾಲದ ಮೊದಲ ಅರ್ಧ ಬಂದು 18 ತಿಂಗಳಾದಾಗ, ಯಾವುದು ಮೊದಲೋ ಆಗ ಸಂಬಳದಲ್ಲಿ ಕಡಿತ ಶುರು. ಈಗಿರುವ ಚಿಂಚವಡದ ಮನೆಯ ಬಾಡಿಗೆಯನ್ನೂ ಕಂತನ್ನೂ ಒಟ್ಟಿಗೆ ಎಳೆಯುವ ಪಾಡಿಲ್ಲ. ಆದರೆ ಆ 18 ತಿಂಗಳಲ್ಲಿ ಮನೆ ಮುಗಿಸಲೇಬೇಕು, ಅದೂ ನಿಯಮ.

ಜನವರಿ 2023

ಪ್ಲಿಂತ್ ಮುಗಿಯಿತು. ಅಗೆದ ಕೂಡಲೇ ಮುರುಮ, ಅದರ ಕೆಳಗೆ ಕರಿಕಲ್ಲು. ಪಾಯ ಆಳಕ್ಕೆ ಹೋಗಲಿಲ್ಲ, ಆದರೆ ಕಲ್ಲು ಒಡೆಯಲು ಬ್ರೇಕರ್ ತರಿಸಬೇಕಾಯಿತು. ಆಳ ಕಡಿಮೆಯಾಗಿ ಉಳಿದ ದುಡ್ಡು ಅಲ್ಲಿಗೆ ಹೋಯಿತು. ಈ ತನಕ ಖರ್ಚು 7 ಲಕ್ಷದ ಆಸುಪಾಸು.

ಆರ್ಕಿಟೆಕ್ಟ್‌ರಿಂದ ಪ್ಲಿಂತ್ ಸರ್ಟಿಫಿಕೇಟ್, ಜತೆಗೆ ಫೋಟೋ ಹಾಕಿ ಎರಡನೇ ಅರ್ಧಕ್ಕೆ ಬರೆದುಕೊಟ್ಟೆ.

ಈಗ ಕೊರತೆಯ ಮಾತು. 27ರಲ್ಲಿ 18.76 ಹೋದರೆ ಎಂಟೂ ಚಿಲ್ಲರೆ ಲಕ್ಷ ಬೇಕು. ಉಳಿತಾಯ 5 ಲಕ್ಷ. ಬಾಕಿಗೆ ಒಂದು ಬ್ಯಾಂಕಿಗೆ ಹೋದೆ. ಎಚ್‌ಬಿಎ ಇದ್ದರೂ ಇಲಾಖೆಯ ಒಪ್ಪಿಗೆ ಪಡೆದು ಬ್ಯಾಂಕಿಗೆ ಎರಡನೇ ಅಡಮಾನ ಮಾಡಿಕೊಡಬಹುದು. ಮ್ಯಾನೇಜರ್ ಪೂರ್ತಿ ಕೇಳಿಸಿಕೊಂಡು, ಮೊದಲ ಹಕ್ಕು ಸರ್ಕಾರದ್ದಾದರೆ ನಮಗೇನು ಉಳೀತು ಅಂದರು. ಎಚ್‌ಬಿಎ ಬಿಟ್ಟು ಪೂರ್ತಿ ನಮ್ಮಲ್ಲೇ ತಗೊಳ್ಳಿ ಅಂತಲೂ ಸೇರಿಸಿದರು. ಕಳೆದ ಮೇಯಿಂದ ರಿಸರ್ವ್ ಬ್ಯಾಂಕ್ ರೆಪೊ ದರವನ್ನು (ಬ್ಯಾಂಕುಗಳಿಗೆ ತಾನು ಸಾಲ ಕೊಡುವ ದರ) 4ರಿಂದ 6.25ಕ್ಕೆ ಏರಿಸಿರುವಾಗ! ನನ್ನ 7.1 ಇದ್ದಲ್ಲೇ ಇದೆ. ನಮಸ್ಕಾರ ಹೇಳಿ ಬಂದೆ.

ದಾರಿ ಸಿಕ್ಕಿದ್ದು ನಮ್ಮ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಿ. 2004ರಿಂದ ಈಚೆಗೆ ಸೇರಿದವರಿಗೆ ಜಿಪಿಎಫ್ (ಹಳಬರ ಭವಿಷ್ಯನಿಧಿ) ಇಲ್ಲ ಅಂತ ಗೊಣಗುವವರಲ್ಲಿ ನಾನೂ ಒಬ್ಬ. ಆದರೆ ಮೊದಲ ಮನೆ ಕಟ್ಟಲು ಎನ್‌ಪಿಎಸ್‌ನಲ್ಲಿ ನಾವೇ ಹಾಕಿದ ದುಡ್ಡಿನ ಶೇ. 25ರವರೆಗೆ ತೆಗೆಯಬಹುದು. ಸರ್ಕಾರದ ಪಾಲು, ಬೆಳೆದ ಲಾಭ ಇದಕ್ಕೆ ಸೇರುವುದಿಲ್ಲ. ಪಿತ್ರಾರ್ಜಿತ ಮನೆ ಇದ್ದರೆ ಅಡ್ಡಿಯಿಲ್ಲ. ನನಗೆ 1.4 ಲಕ್ಷ ಬಂತು.

ಮಾರ್ಚ್ 2023

ಎರಡನೇ ಅರ್ಧ ಬಂತು. ಆರ್ಥಿಕ ವರ್ಷ ಮುಗಿಯುವ ಮುಂಚೆ ಬಂದದ್ದು ದೊಡ್ಡ ಸಮಾಧಾನ. ಇನ್ನು ಸರ್ಕಾರದಿಂದ ಒಂದು ರೂಪಾಯಿಯೂ ಬರುವುದಿಲ್ಲ. ಎಚ್‌ಬಿಎ ನೌಕರಿಯಲ್ಲಿ ಒಂದೇ ಸಲ.

ಆಫೀಸಿನಲ್ಲಿ ಎಲ್ಲರೂ ಕೇಳುವ ಪ್ರಶ್ನೆ ತೆರಿಗೆಯದ್ದು. 15 ವರ್ಷ ಬಡ್ಡಿ ಕಟ್ಟುವುದೇ ಇಲ್ಲ, ಹಾಗಾದರೆ ವಿನಾಯಿತಿ ಹೇಗೆ? ಸಿಗುತ್ತದೆ. ಆದಾಯ ತೆರಿಗೆಯ 1961ರ ಕಾಯ್ದೆಯ ಸೆಕ್ಷನ್ 24 ನೋಡುವುದು ಆ ವರ್ಷಕ್ಕೆ ಲೆಕ್ಕ ಬಿದ್ದ ಬಡ್ಡಿಯನ್ನು, ಕೈಯಿಂದ ಕಟ್ಟಿದ್ದನ್ನಲ್ಲ. ಮೊದಮೊದಲು ವರ್ಷಕ್ಕೆ 1.3 ಲಕ್ಷದಷ್ಟು ಬೀಳುತ್ತದೆ, ಸ್ವಂತ ವಾಸದ ಮನೆಗೆ ಮಿತಿ 2 ಲಕ್ಷ. ಆಫೀಸಿನಿಂದ ಬಡ್ಡಿ ಲೆಕ್ಕದ ಪತ್ರ ಬರೆಸಿಕೊಂಡರಾಯಿತು. ಮನೆ ಮುಗಿದ ವರ್ಷದಿಂದ, ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ಅಸಲಿನ ವಿನಾಯಿತಿ ಅದೇ ಕಾಯ್ದೆಯ ಸೆಕ್ಷನ್ 80ಸಿಗೆ ಹೋಗುತ್ತದೆ.

ಮೇ 2023

ಸ್ಲ್ಯಾಬ್ ಬಿತ್ತು. ಮಳೆಗೆ ಮುಂಚೆ ಮುಗಿಸಬೇಕು ಅಂತ ಗುತ್ತಿಗೆದಾರರ ಬೆನ್ನು ಬಿದ್ದದ್ದು ಸಾರ್ಥಕ. ನಮ್ಮ ಮಾವಳ ತಾಲೂಕಿನ ಮಳೆ ನೋಡಿದವರಿಗೆ ಗೊತ್ತು, ಅದು ಶುರುವಾದರೆ ಸ್ಲ್ಯಾಬಿಗೆ ಆಸರೆಯಾಗುವ ಸೆಂಟ್ರಿಂಗ್ ಕಟ್ಟುವುದೇ ಕಷ್ಟ. ನದಿ ಮರಳಿಲ್ಲ, ಎಲ್ಲ ಕ್ರಶ್ ಸ್ಯಾಂಡ್, ಅಂದರೆ ಕಲ್ಲು ಪುಡಿಮಾಡಿದ ಮರಳು. ಸ್ಲ್ಯಾಬಿನ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಟ್ಯಾಂಕರ್ ದುಡ್ಡು ಅಂದಾಜು ಪಟ್ಟಿಯಲ್ಲಿ ಇರಲೇ ಇಲ್ಲ. ಕಟ್ಟುವವರು ಯಾರಾದರೂ ಇದ್ದರೆ ಈಗಲೇ ಸೇರಿಸಿಕೊಳ್ಳಿ.

ಪ್ಲಿಂತ್‌ನಿಂದ ಸ್ಲ್ಯಾಬ್‌ವರೆಗೆ ಆರೂವರೆ ಲಕ್ಷ. ಖಾತೆಯಲ್ಲಿ ಎಚ್‌ಬಿಎ ದುಡ್ಡು ಇನ್ನೂ 5 ಲಕ್ಷ ಚಿಲ್ಲರೆ, ಉಳಿತಾಯ ಮತ್ತು ಎನ್‌ಪಿಎಸ್ ಸೇರಿ 6.4. ಬೇಕಾದದ್ದು ಹದಿಮೂರೂವರೆ. ಎರಡು ಲಕ್ಷ ಕಡಿಮೆ. ಅದಕ್ಕೆ ಕಾಂಪೌಂಡ್ ಗೋಡೆ, ಅಡುಗೆಮನೆಯ ಕಪಾಟು, ಮುಂದಿನ ಅಂಗಳದ ಫರ್ಶಿ ಸದ್ಯಕ್ಕಿಲ್ಲ. ಕಪಾಟಿನ ವಿಷಯದಲ್ಲಿ ಮನೆಯಲ್ಲಿ ಮಾತುಕತೆ ಇನ್ನೂ ನಡೀತಾ ಇದೆ.

ಮುಂದಿನ ತಿಂಗಳು ಇಟ್ಟಿಗೆ ಕೆಲಸ, ಕಿಟಕಿ ಚೌಕಟ್ಟು. ಮನೆ ಮುಗಿದ ಕೂಡಲೇ ಬೆಂಕಿ, ಪ್ರವಾಹ, ಸಿಡಿಲಿಗೆ ವಿಮೆ ಮಾಡಿಸಬೇಕು. ಸಾಲದ ಮೊತ್ತಕ್ಕೆ ಕಡಿಮೆ ಇರಬಾರದು, ಸಾಲ ತೀರುವ ತನಕ ನಡೆಸಬೇಕು. ಖಾಸಗಿ ಕಂಪನಿಯೂ ಆಗುತ್ತದೆ, ವಿಮಾ ನಿಯಂತ್ರಕ ಐಆರ್‌ಡಿಎ ಒಪ್ಪಿದ್ದಾದರೆ ಸಾಕು. ಎರಡು ಕಡೆ ಪ್ರೀಮಿಯಂ ಕೇಳಿದ್ದೇನೆ, ಉತ್ತರ ಬಂದಿಲ್ಲ.