ಊರೆಲ್ಲ ಒಪ್ಪಿದ ಮೇಲೆ ನಿಮ್ಮದೇನು ತಕರಾರು?

ಕಸದ ಘಟಕಕ್ಕೆ ಗೊತ್ತು ಮಾಡಿದ ಜಾಗ ಬೇಡ ಅಂತ ಗ್ರಾಮಸಭೆಯಲ್ಲಿ ನಾನು ಎದ್ದು ನಿಂತಾಗಿನಿಂದ, ಈ ಪ್ರಶ್ನೆ ಕೇಳದವರು ನಮ್ಮೂರಲ್ಲಿ ಯಾರೂ ಉಳಿದಿಲ್ಲ. ಡೇರಿಗೆ ಹಾಲು ಹಾಕಲು ಹೋದರೆ ಕೇಳುತ್ತಾರೆ. ಮದುವೆ ಊಟಕ್ಕೆ ಕೂತರೆ ಪಕ್ಕದ ಎಲೆಯವರು ಕೇಳುತ್ತಾರೆ. "ಅಲ್ಲಕ್ಕಾ, ಊರೆಲ್ಲ ಒಪ್ಪಿದ ಮೇಲೆ ನಿಮ್ಮೊಬ್ಬರದ್ದೇನು ತಕರಾರು?" ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಊರೆಲ್ಲ ಒಪ್ಪಿರಲಿಲ್ಲ. ಊರೆಲ್ಲ ಸುಮ್ಮನೆ ಕೂತಿತ್ತು. ಎರಡೂ ಒಂದೇ ಅಂತ ಯಾರಾದರೂ ಹೇಳಿದರೆ ನನಗೆ ಸಿಟ್ಟು ಬರುತ್ತದೆ.

ಅವತ್ತು ಶಾಲೆ ಅಂಗಳದಲ್ಲಿ ಗ್ರಾಮಸಭೆ. ಶಾಮಿಯಾನದ ಬಾಗಿಲಲ್ಲೇ ಒಂದು ಪುಸ್ತಕ ಇಟ್ಟಿದ್ದರು. ಬಂದವರೆಲ್ಲ ಹಾಜರಿಗೆ ಸಹಿ ಹಾಕಿ ಒಳಗೆ ಹೋದೆವು, ಕೆಲವರು ಹೆಬ್ಬೆಟ್ಟು ಒತ್ತಿದರು. ಕಸ ವಿಲೇವಾರಿ ಘಟಕಕ್ಕೆ ಜಾಗ ಗೊತ್ತು ಮಾಡುವ ವಿಷಯ ಬಂತು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ನಾಲ್ಕು ಸಾಲು ಓದಿದರು. "ಎಲ್ಲರಿಗೂ ಒಪ್ಪಿಗೆ ತಾನೇ?" ಅಂತ ಮೈಕಿನಲ್ಲಿ ಕೇಳಿದವರು, ಉತ್ತರಕ್ಕೆ ಕಾಯದೆ ಮುಂದಿನ ವಿಷಯಕ್ಕೆ ಹೋದರು. ನಾನು ಎದ್ದು ನಿಂತೆ. ಮೈಕು ಕೊಡಲಿಲ್ಲ. "ಕೂತ್ಕೊಳಮ್ಮ, ಒಳ್ಳೆ ಕೆಲಸಕ್ಕೆ ಅಡ್ಡ ಬರಬೇಡ" ಅಂತ ಮುಂದಿನ ಸಾಲಿನಿಂದ ಒಬ್ಬರು ಕೂಗಿದರು. ಮೈಕಿಲ್ಲದೆಯೇ ಮಾತಾಡಿದೆ. ನನ್ನ ಗಂಟಲು ಗಟ್ಟಿ. ಹೊಲದ ಆ ಬದಿಯಿಂದ ಈ ಬದಿಗೆ ಕೂಗಿ ಅಭ್ಯಾಸ ಇದ್ದವಳಿಗೆ ಶಾಲೆ ಅಂಗಳ ಯಾವ ಲೆಕ್ಕ?

ಕೊನೆಗೆ, ನನ್ನ ವಿರೋಧವನ್ನು ನಡಾವಳಿಯಲ್ಲಿ ಬರೆದುಕೊಳ್ಳಿ ಅಂದೆ. ಪುಸ್ತಕ ತೆಗೆದು ನೋಡಿದರೆ "ಸರ್ವಾನುಮತದಿಂದ ಒಪ್ಪಲಾಯಿತು" ಅಂತ ಆಗಲೇ ಬರೆದಾಗಿತ್ತು. ಅದೇ ಪುಸ್ತಕದಲ್ಲಿ, ಆ ಸಾಲಿನ ಹಿಂದಿನ ಪುಟದಲ್ಲಿ, ನನ್ನ ಹಾಜರಿ ಸಹಿ. ಅಂದರೆ ಬಾಯಿ ತೆರೆಯುವ ಮೊದಲೇ ನಾನೂ ಒಪ್ಪಿದವರ ಲೆಕ್ಕಕ್ಕೆ ಸೇರಿದ್ದೆ.

ಇದನ್ನು ಕೇಳಿದ ಮೇಲೂ ಕೆಲವರು "ವೋಟು ಹಾಕಿ ಗೆಲ್ಲಿಸಿದ್ದೀವಲ್ಲ, ಇನ್ನೇನು ಬೇಕು?" ಅನ್ನುತ್ತಾರೆ. ವೋಟೇ ಸಾಕಾಗಿದ್ದರೆ ಗ್ರಾಮಸಭೆ ಯಾಕೆ ಬೇಕಿತ್ತು? 73ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಗ್ರಾಮಸಭೆಗೆ ಸಂವಿಧಾನದಲ್ಲೇ ಜಾಗ ಕೊಟ್ಟರು. ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಅದರ ಸದಸ್ಯರು. ಗೆದ್ದವರು ಮಾತ್ರ ಅಲ್ಲ, ಅವರಿಗೆ ವೋಟು ಹಾಕದವರೂ.

ಆ ಸಂವಿಧಾನವನ್ನು ಬರೆದ ಸಭೆ ಹೇಗೆ ನಡೆಯಿತು ನೋಡಿ. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅಲ್ಲಿ ಸದಸ್ಯರಾಗಿದ್ದರು. ಮಾತು ಮಾತಿಗೂ ಎದ್ದು ನಿಲ್ಲುವ ಮನುಷ್ಯ. ಪೀಠಿಕೆ ದೇವರ ಹೆಸರಿನಿಂದ ಶುರುವಾಗಬೇಕು ಅಂತ 1949ರ ಅಕ್ಟೋಬರ್ 17ರಂದು ಅವರು ಹಟ ಹಿಡಿದರು. ಇಂಥದ್ದನ್ನು ವೋಟಿಗೆ ಹಾಕಬೇಡಿ ಅಂತ ಕೇಳಿಕೊಂಡವರೂ ಇದ್ದರು. ಹಾಕಿದರು. ಬೇಕು ಅಂದವರು 41, ಬೇಡ ಅಂದವರು 68. ಕಾಮತ್ ಸೋತರು. ನಾನು ಅಲ್ಲಿದ್ದಿದ್ದರೆ ಬೇಡ ಅನ್ನುವವರ ಜೊತೆಗೇ ಇರುತ್ತಿದ್ದೆ. ಆದರೆ ಆ 41 ಜನರ ಲೆಕ್ಕ ಇವತ್ತಿಗೂ ಕಡತದಲ್ಲಿದೆ. ಮುಂದಿನ ತಿಂಗಳು, ನವೆಂಬರ್ 25ರ ಭಾಷಣದಲ್ಲಿ, ಅಂಬೇಡ್ಕರ್ ಕಾಮತ್ ಮತ್ತು ಅವರಂಥ ಕೆಲವರನ್ನು ಹೆಸರು ಹೇಳಿ ನೆನೆದರು. ಎಲ್ಲರೂ ಪಕ್ಷದ ಶಿಸ್ತಿಗೆ ತಲೆಬಾಗಿದ್ದರೆ ಇದು ಹೌದಪ್ಪಗಳ ಸಭೆ ಆಗುತ್ತಿತ್ತು, ಪುಣ್ಯಕ್ಕೆ ಬಂಡಾಯಗಾರರಿದ್ದರು ಅನ್ನುವ ಅರ್ಥದ ಮಾತು ಅದು. ತನ್ನ ಕರಡಿಗೆ ತಿದ್ದುಪಡಿ ಮೇಲೆ ತಿದ್ದುಪಡಿ ತಂದವರಿಗೆ ಹೇಳಿದ ಮಾತು!

"ಒಬ್ಬರು ಹೇಳಿದರೆ ಏನಾಗುತ್ತೆ?" ಅನ್ನುವವರಿಗೆ ಇನ್ನೊಂದು ಕಥೆ. ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆ ಇಲ್ಲದೆ ಜೈಲಿಗೆ ಹಾಕಿದವರು ಕೋರ್ಟಿಗೆ ಹೋಗಬಹುದೇ ಅನ್ನುವ ಪ್ರಶ್ನೆ 1976ರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. ನಾಲ್ವರು ನ್ಯಾಯಮೂರ್ತಿಗಳು ಆಗದು ಅಂದರು. ಎಚ್.ಆರ್. ಖನ್ನಾ ಒಬ್ಬರೇ ಬೇರೆ ತೀರ್ಪು ಬರೆದರು. ಮುಖ್ಯ ನ್ಯಾಯಮೂರ್ತಿ ಸ್ಥಾನ ಅವರಿಗೆ ತಪ್ಪಿತು, ರಾಜೀನಾಮೆ ಕೊಟ್ಟರು. 2017ರಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ್ದ ಕೇಸಿನಲ್ಲಿ, ಆ ನಾಲ್ವರದು ತಪ್ಪು ಅಂತ ಸುಪ್ರೀಂ ಕೋರ್ಟೇ ಹೇಳಿತು. ಹಾಗೆ ಬರೆದವರು ಡಿ.ವೈ. ಚಂದ್ರಚೂಡ್, ಆ ನಾಲ್ವರಲ್ಲಿ ಒಬ್ಬರ ಮಗ. ನಲವತ್ತು ವರ್ಷ ಹಿಡಿಯಿತು, ನಿಜ. ಆದರೆ ಖನ್ನಾ ಅವತ್ತು ಬರೆದಿದ್ದು ಕಡತದಲ್ಲಿ ಉಳಿದಿತ್ತು.

ಇಷ್ಟು ಜನ ಕೇಳಿದರಲ್ಲ, ಯಾಕೆ ಮಾತಾಡಿದೆ ಅಂತ. ಏನು ಮಾತಾಡಿದೆ ಅಂತ ಒಬ್ಬರೂ ಕೇಳಿಲ್ಲ. ನನಗೆ ಬೇಕಾಗಿದ್ದ ಪ್ರಶ್ನೆ ಅದು. ಕೇಳದಿದ್ದರೂ ಹೇಳುತ್ತೇನೆ. ಘಟಕಕ್ಕೆ ಗೊತ್ತು ಮಾಡಿರುವುದು ಕೆರೆಯ ಮೇಲಿನ ಗೋಮಾಳ. ಮಳೆ ಬಂದರೆ ಆ ದಿಬ್ಬದ ನೀರು ಹಳ್ಳ ಹಿಡಿದು ಸೀದಾ ಕೆರೆಗೆ ಇಳಿಯುತ್ತದೆ. ಕೆರೆ ಕೆಳಗಿನ ಬೋರ್‌ವೆಲ್ ನೀರನ್ನೇ ನಾವು ಕುಡಿಯುವುದು. ಘಟಕ ಬೇಕು. ಕೆರೆಯ ಆಚೆ ಬದಿಯ ಇಳಿಜಾರಿನಲ್ಲಿ ಕಟ್ಟಿ, ಅಲ್ಲೂ ಸರ್ಕಾರಿ ಜಾಗ ಇದೆ ಅಂದಿದ್ದೆ. ಇದರಲ್ಲಿ ಅಡ್ಡ ಬರುವಂಥದ್ದು ಏನಿದೆ?

ಸಭೆ ಮುಗಿದ ಮೇಲೆ ಮನೆಗೆ ಬಂದು, ದನಿ ತಗ್ಗಿಸಿ, "ನೀವು ಹೇಳಿದ್ದೇ ಸರಿ ಅಕ್ಕಾ" ಅಂದವರಿದ್ದಾರೆ. ಅಲ್ಲೇ ಯಾಕೆ ಹೇಳಲಿಲ್ಲ ಅಂತ ಅವರನ್ನು ದೂರುವುದಿಲ್ಲ. ವಸತಿ ಯೋಜನೆಯ ಮನೆ ಯಾರಿಗೆ ಅನ್ನುವ ಪಟ್ಟಿ ಆಗುವುದೂ ಅದೇ ಗ್ರಾಮಸಭೆಯಲ್ಲಿ. ಸೋರುವ ಶೀಟಿನ ಕೆಳಗೆ ಮಕ್ಕಳನ್ನು ಮಲಗಿಸುವವರು ಅಧ್ಯಕ್ಷರ ಎದುರು ಬಾಯಿ ಬಿಡುವ ಮೊದಲು ಹತ್ತು ಸಲ ಯೋಚಿಸುತ್ತಾರೆ. ಎದುರು ಮಾತಾಡಿದರೆ ಮನೆ ತಪ್ಪೀತು ಅನ್ನುವ ಭಯ ಇರುವ ಕಡೆ ಎಷ್ಟು ಚುನಾವಣೆ ನಡೆದರೂ ಅದನ್ನು ಪ್ರಜಾಪ್ರಭುತ್ವ ಅಂತ ನಾನು ಒಪ್ಪುವುದಿಲ್ಲ.

ನನ್ನ ವಿರೋಧವನ್ನು ಬರೆದು ಪಂಚಾಯಿತಿಗೆ ಕೊಟ್ಟು, ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಂಡಿದ್ದೇನೆ. ನಡಾವಳಿಯ ನಕಲಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೇನೆ. ಮುಂದಿನ ಸಭೆಯಲ್ಲಿ ಕೈ ಎತ್ತಿಸಿ ಎಣಿಸಿ ಅಂತ ಕೇಳುತ್ತೇನೆ. ಸೋತರೆ ಸೋಲುತ್ತೇನೆ, ಘಟಕ ಅಲ್ಲೇ ಆದರೂ ಆಗಲಿ. ಆದರೆ ಪುಸ್ತಕದಲ್ಲಿ ವಿರೋಧ ಒಂದು ಅಂತ ಬರೆಯಬೇಕು.