ರಾಜಾಬಾಯಿ ಗೋಪುರ ನೋಡಲು ಹೋಗುವವರಿಗೆ: ಮಧ್ಯಾಹ್ನ ಮೂರರ ಮೇಲೆ ಹೋಗಿ

ಮುಂಬೈ ವಿಶ್ವವಿದ್ಯಾಲಯದ ಹಳೇ ಕಟ್ಟಡ ನೋಡಲು ಹೊರಟವರು ಮೊದಲು ಇದೊಂದು ತಿಳಿದುಕೊಳ್ಳಿ. ಅಲ್ಲಿನ ರಾಜಾಬಾಯಿ ಗಡಿಯಾರ ಗೋಪುರ ಹತ್ತಲು ಜನರನ್ನು ಬಿಡುವುದಿಲ್ಲ. ನನಗೆ ಗೊತ್ತಿರಲಿಲ್ಲ. ಓವಲ್ ಮೈದಾನದ ಹತ್ತಿರ ಒಬ್ಬ ತಾನು ಗೈಡ್ ಅಂತ ಹೇಳಿ, ಮೇಲಕ್ಕೆ ಕರೆದುಕೊಂಡು ಹೋಗ್ತೀನಿ ಎಂದು 800 ರೂಪಾಯಿ ಮುಂಗಡ ತೆಗೆದುಕೊಂಡ. ಪರ್ಮಿಷನ್ ತರಲು ಹೋದವನು ವಾಪಸ್ ಬರಲೇ ಇಲ್ಲ. ಗೇಟಿನಲ್ಲಿ ಕೇಳಿದಾಗಲೇ ನಿಜ ಗೊತ್ತಾಗಿದ್ದು. ಯಾರಿಗೂ ಮುಂಗಡ ಕೊಡಬೇಡಿ.

ಬೆಳಿಗ್ಗೆ ಹೋಗಿದ್ದೂ ತಪ್ಪೇ. ಕಟ್ಟಡದ ಮುಖ ಪಶ್ಚಿಮಕ್ಕೆ, ಮೈದಾನದ ಕಡೆಗೆ ಇದೆ. ಬೆಳಗಿನ ಹೊತ್ತು ಸೂರ್ಯ ಅದರ ಬೆನ್ನಿಗಿರುತ್ತಾನೆ, ಕೆತ್ತನೆಯೆಲ್ಲ ಕಪ್ಪಗೆ ಕಾಣುತ್ತದೆ. ಮೂರು ಗಂಟೆಯ ಮೇಲೆ ಬಿಸಿಲು ನೇರ ಬಿದ್ದಾಗ ಕುರ್ಲಾದ ಹಳದಿ ಕಲ್ಲು ಬೆಳಗುತ್ತದೆ. ಬೈನಾಕ್ಯುಲರ್ ಮರೆಯಬೇಡಿ. ಗೋಪುರ ಸುಮಾರು 85 ಮೀಟರ್ ಎತ್ತರ, ಚೆಂದದ್ದೆಲ್ಲ ಮೇಲೆಯೇ ಇದೆ. ನಕ್ಷೆ ಬರೆದ ಇಂಗ್ಲೆಂಡಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್ ಭಾರತಕ್ಕೆ ಬಂದವನೇ ಅಲ್ಲ. ಆದರೆ ಮೇಲೆ ನಿಂತಿರುವ ಕಲ್ಲಿನ ಮನುಷ್ಯರು ನಮ್ಮವರು, ಪಶ್ಚಿಮ ಭಾರತದ ಬೇರೆ ಬೇರೆ ಸಮುದಾಯದವರು. ಒಬ್ಬನ ಮುಂಡಾಸಿನ ಸುತ್ತುಗಳನ್ನೇ ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ. ಕೆಳಗಿನಿಂದ ಯಾರಿಗೂ ಕಾಣದ ಕಡೆ ಅಷ್ಟು ಕೆಲಸ!

ದುಡ್ಡು ಕೊಟ್ಟವರು ಮುಂಬೈನ ವ್ಯಾಪಾರಿ ಪ್ರೇಮಚಂದ್ ರಾಯಚಂದ್. ಹೆಸರು ಅವರ ತಾಯಿಯದ್ದು. 1869ರಲ್ಲಿ ಶುರುವಾದ ಕೆಲಸ 1878ರಲ್ಲಿ ಮುಗಿಯಿತು.

ಗೋಪುರದ ಪಕ್ಕದ ಘಟಿಕೋತ್ಸವ ಭವನದ ದುಂಡು ಕಿಟಕಿಯನ್ನು ಮಾತ್ರ ಒಳಗಿನಿಂದಲೇ ನೋಡಬೇಕು. ಬಣ್ಣದ ಗಾಜಿನಲ್ಲಿ 12 ರಾಶಿಗಳಿವೆ. ಹೊರಗಿನಿಂದ ಅದು ಬರೀ ಮಂಕು ಗಾಜು. ಮರುದಿನ ಅಲ್ಲೇ ಓದುವ ನಮ್ಮ ಸಂಬಂಧಿಕರ ಹುಡುಗಿ ಅನುಮತಿ ಕೇಳಿ ಕರೆದುಕೊಂಡು ಹೋದಳು. ಒಳಗೆ ನಿಂತು ತಲೆ ಎತ್ತಿದರೆ ಸಿಂಹ, ಚೇಳು, ತಕ್ಕಡಿ ಒಂದೊಂದೇ ಗುರುತು ಸಿಗುತ್ತವೆ. ನಿಮಗೂ ಪರಿಚಯದವರಿದ್ದರೆ ಮೊದಲೇ ಕೇಳಿಡಿ, ಸುಮ್ನೆ ಹೋದರೆ ಗೇಟಿನಲ್ಲೇ ತಡೆಯುತ್ತಾರೆ.

ಊಟಕ್ಕೆ ಅದೇ ಬಡಾವಣೆಯಾದ ಫೋರ್ಟ್‌ನ ಗಲ್ಲಿಗಳಲ್ಲಿರುವ ಉಡುಪಿ ಹೋಟೆಲ್ ಹುಡುಕಿ. ನಾನು ಹೋದ ಕಡೆ ವಕೀಲರು, ಗುಮಾಸ್ತರು ಎಲ್ಲ ಒಂದೇ ಮೇಜಿನಲ್ಲಿ ಒತ್ತಿಕೊಂಡು ಕೂತಿದ್ದರು. ನೂಕುನುಗ್ಗಲು ಜಾಸ್ತಿ, ಆದರೆ ನನಗೆ ಅದೇ ಇಷ್ಟ. ಇಡ್ಲಿ ಹಬೆಯಾಡುತ್ತಿತ್ತು, ಸಾಂಬಾರಿನಲ್ಲಿ ಕೊತ್ತಂಬರಿ ಹುರಿದ ಘಮ, ಚಟ್ನಿ ಕೇಳಿದಷ್ಟೂ ಬಡಿಸಿದರು. ಗಲ್ಲಾದಲ್ಲಿದ್ದ ಅಜ್ಜ ನನ್ನ ಮಾತು ಕೇಳಿ, "ಊರು ಯಾವುದು ಮಾರಾಯ್ರೇ?" ಎಂದರು. ಎರಡು ದಿನದಲ್ಲಿ ನಾಲ್ಕು ಸಲ ಅಲ್ಲೇ ತಿಂದೆ.